ಸೂಚಕಿಯ ಹೆಬ್ಬೆಟ್ಟು

ನಮ್ಮ ವಸ್ತಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಿಗ್ಗೆಯೇ ಅಪ್ಪನ ಮುಂದೆ ಬಂದು, ನಿನ್ನ ಮಗ ಊರ ಮರ್ಯಾದೆ ತೆಗೆದ ಎಂದು ಕೂಗಾಡುವವರಿದ್ದಾರೆ. ಮರ್ಯಾದೆ ಇದ್ದರಲ್ಲವೇ ತೆಗೆಯುವುದು! ತಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವ ದಾರಿಯಲ್ಲಿ, ದ್ರಾಕ್ಷಿ ತೋಟಗಳ ನಡುವೆ ನೂರಿಪ್ಪತ್ತು ಮನೆಗಳು. ಪಂಚಾಯಿತಿಗೆ ನಾವು ಒಂದು ವಾರ್ಡು, ನಮಗೆ ಒಬ್ಬ ಸದಸ್ಯ. ಇಷ್ಟು ಗೊತ್ತಿದ್ದರೆ ಸಾಕು.

ನನ್ನ ಹೆಸರು ಮಾಳು. ವಯಸ್ಸು ಇಪ್ಪತ್ತಾರು. ವಿಜಯಪುರದಲ್ಲಿ ಬಿ.ಎ. ಮುಗಿಸಿ, ಅಲ್ಲೇ ರೂಮು ಹಿಡಿದು, ಎರಡು ಸಲ ಸರ್ಕಾರಿ ನೇಮಕಾತಿ ಪರೀಕ್ಷೆ ಬರೆದೆ. ಒಮ್ಮೆ ಪ್ರಶ್ನೆಪತ್ರಿಕೆ ಸೋರಿಹೋಯಿತು. ಇನ್ನೊಮ್ಮೆ ನನ್ನ ಹೆಸರಿದ್ದ ಆಯ್ಕೆ ಪಟ್ಟಿಯೇ ರದ್ದಾಯಿತು. ಈಗ ತಿಕೋಟಾದ ಒಣದ್ರಾಕ್ಷಿ ಶೆಡ್ಡುಗಳಿಂದ ವಿಜಯಪುರದ ಮಾರುಕಟ್ಟೆಗೆ ಪೆಟ್ಟಿಗೆ ಸಾಗಿಸುವ ಗಾಡಿ ಓಡಿಸುತ್ತೇನೆ. ಮಾಳ್ಯಾಗ ಸಿಟ್ಟು ಬಾಳ ಎನ್ನುತ್ತಾರೆ ಜನ. ಇಷ್ಟಾದ ಮೇಲೂ ಸಿಟ್ಟು ಬರದವನನ್ನು ಕಂಡರೆ ನನಗೆ ಇನ್ನೂ ಸಿಟ್ಟು.

ನಮ್ಮ ಸದಸ್ಯರ ಕಥೆ ಕೇಳಿ. ಸಿದ್ದರಾಯ ಎಂದು, ನಮ್ಮವನೇ, ಸಂಬಂಧದಲ್ಲಿ ಕಾಕಾ ಆಗಬೇಕು. ದೊಡ್ಡ ದ್ರಾಕ್ಷಿ ತೋಟ, ಎರಡು ಶೆಡ್ಡು. ಐದು ವರ್ಷ ಅವನೇ ಸದಸ್ಯನಾಗಿದ್ದ. ಆಮೇಲೆ ಸ್ಥಾನ ಮಹಿಳೆಗೆ ಮೀಸಲಾಯಿತು. ಹೆಂಡತಿ ಕಾಶಿಬಾಯಿಯನ್ನು ನಿಲ್ಲಿಸಿದ. ಆಕೆ ಐದು ವರ್ಷ ಪಂಚಾಯಿತಿಯ ಮೆಟ್ಟಿಲು ಹತ್ತಿದ್ದನ್ನು ಯಾರೂ ನೋಡಿಲ್ಲ. ಸಭೆಯಲ್ಲಿ ಆಕೆಯ ಕುರ್ಚಿಯಲ್ಲಿ ಇವನೇ ಕೂತು ಚಹಾ ಕುಡಿದು ಬರುತ್ತಿದ್ದ. ಎರಡೂ ಸಲ ಚುನಾವಣೆಯೇ ನಡೆಯಲಿಲ್ಲ. ಅವಿರೋಧ ಆಯ್ಕೆ. ಹಾರ ಹಾಕಿ, ಗುಲಾಲು ಎರಚಿ, ನಮ್ಮ ವಸ್ತಿಯಲ್ಲಿ ಎಂಥ ಒಗ್ಗಟ್ಟು ನೋಡಿರಿ ಎಂದು ಫೋಟೊ ಹೊಡೆಸಿಕೊಂಡರು.

ಒಗ್ಗಟ್ಟಂತೆ! ಎಂಥ ಒಗ್ಗಟ್ಟು ಎಂದು ನಮ್ಮ ನಲ್ಲಿಗಳನ್ನು ಕೇಳಬೇಕು. ನಾಲ್ಕು ವರ್ಷದ ಹಿಂದೆ ಪ್ರತಿ ಮನೆಯ ಮುಂದೆ ಒಂದೊಂದು ನಲ್ಲಿ ನೆಟ್ಟು ಹೋದರು. ಅದರಲ್ಲಿ ನೀರು ಬಂದದ್ದು ಎರಡೇ ಸಲ. ಪೂಜೆ ಮಾಡಿದ ದಿನ ಒಮ್ಮೆ, ಮೇಲಿನವರು ನೋಡಲು ಬಂದ ದಿನ ಒಮ್ಮೆ. ಆಮೇಲೆ ಮೋಟಾರು ಸುಟ್ಟಿದೆ ಎಂದರು, ಪೈಪು ಒಡೆದಿದೆ ಎಂದರು, ಮೇಲಿಂದ ಮಂಜೂರಾಗಬೇಕು ಎಂದರು. ಸಾಲೆಯ ಹುಡುಗರು ಆ ನಲ್ಲಿಗಳಿಗೆ ಪಾಟಿಚೀಲ ನೇತುಹಾಕಿ ಆಡುತ್ತಾರೆ. ಹೆಂಗಸರು ಕೊಡ ಹೊತ್ತು ಸಿದ್ದರಾಯನ ತೋಟದ ಬೋರಿಗೆ ಹೋಗಬೇಕು. ಬೆಳಿಗ್ಗೆ ಆರರಿಂದ ಎಂಟರವರೆಗೆ ಗೇಟು ತೆಗೆಯುತ್ತಾರೆ. ಕಾಕಾ ದೊಡ್ಡ ಮನುಷ್ಯ, ಊರಿಗೆ ಪುಕ್ಕಟೆ ನೀರು ಕೊಡುತ್ತಾನೆ ಎಂದು ನಮ್ಮ ಅಪ್ಪನಂಥವರು ಕೈ ಮುಗಿಯುತ್ತಾರೆ. ನಲ್ಲಿಯಲ್ಲಿ ನೀರು ಬಂದರೆ ಇವನ ಗೇಟಿನ ಮುಂದೆ ಯಾರು ನಿಲ್ಲುತ್ತಾರೆ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ನನ್ನ ತಂಗಿ ಲಕ್ಷ್ಮಿಗೆ. ಅವಳಿಗೆ ಇಪ್ಪತ್ಮೂರು. ಬಿ.ಕಾಂ. ಮುಗಿಸಿದ್ದಾಳೆ, ತಿಕೋಟಾದ ಒಂದು ಅಂಗಡಿಯಲ್ಲಿ ಬಿಲ್ಲು ಬರೆಯುತ್ತಾಳೆ. ನನ್ನ ಹಾಗೆ ಕೂಗುವುದಿಲ್ಲ. ಗ್ರಾಮಸಭೆಗೆ ಹೋಗಿ ಎದ್ದು ನಿಂತು ಕೇಳಿದಳು: “ಮೋಟಾರು ಸುಟ್ಟೈತಿ ಅಂತೀರಿ. ಯಾವಾಗ ಸುಟ್ಟಿತು, ಬಿಚ್ಚಿ ನೋಡಿದವ್ರು ಯಾರು, ಹೇಳ್ರಿ.” ಯಾರೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ತೋಟದ ಗೇಟಿನಲ್ಲಿ ನಮ್ಮ ಅವ್ವನ ಕೊಡಗಳನ್ನು ಮಾತ್ರ ತಡೆದು ವಾಪಸು ಕಳಿಸಿದರು. “ನಿಮ್ಮ ಮಗಳು ಶ್ಯಾಣ್ಯಾಕಿ ಅದಾಳಲ್ಲ, ಆಕೀನ್ನ ಕೇಳ್ರಿ ನೀರು,” ಎಂದನಂತೆ ಕಾವಲಿನವನು. ಅವ್ವ ಖಾಲಿ ಕೊಡ ಹೊತ್ತು ವಸ್ತಿಯ ನಡುವೆ ಹಾದು ಬಂದಳು. ನೋಡಿದವರು ಮುಖ ತಿರುಗಿಸಿದರು.

ಅಂದು ಸಂಜೆ ಲಕ್ಷ್ಮಿ ನನ್ನ ಮುಂದೆ ಬಂದು ಕೂತಳು.

“ಅಣ್ಣಾ, ಈ ಸಲ ಪಂಚಾಯ್ತಿಗೆ ನಾ ನಿಂದರ್ತೇನಿ.”

ನಾನು ನಕ್ಕೆ. “ಹುಚ್ಚು ಹಿಡದೈತೇನು? ಎಲ್ಲಾರೂ ಕಳ್ಳರು. ನೀ ನಿಂತ್ರೇನು, ಬಿಟ್ರೇನು?”

“ನೀ ನಾಕು ವರ್ಷಾತು ಇದನ್ನ ಹೇಳಾಕತ್ತಿ. ಅವ್ವನ ಕೊಡದಾಗ ಒಂದು ಹನಿ ಬಿದ್ದೈತೇನು?”

ನಾನು ನಾಲ್ಕು ವರ್ಷದಿಂದ ಮಾಡಿದ್ದು ಇಷ್ಟೇ. ವಸ್ತಿಯ ನಲವತ್ತೆರಡು ಹುಡುಗರನ್ನು ಸೇರಿಸಿ ವಾಟ್ಸಾಪಿನಲ್ಲಿ ‘ಬದಲಾವಣೆ’ ಎಂಬ ಗುಂಪು ಕಟ್ಟಿದ್ದೆ. ದಿನಾ ಅಲ್ಲಿ ಸರ್ಕಾರವನ್ನು ಬೈಯುತ್ತಿದ್ದೆವು, ಸಿದ್ದರಾಯನನ್ನು ಬೈಯುತ್ತಿದ್ದೆವು, ಓಟು ಹಾಕುವ ಮುದುಕರನ್ನು ಕುರಿಗಳು ಎನ್ನುತ್ತಿದ್ದೆವು. ಒಣಗಿದ ನಲ್ಲಿಯ ವಿಡಿಯೊ ಮಾಡಿ ಸ್ಟೇಟಸ್ ಹಾಕುತ್ತಿದ್ದೆವು. ನಮ್ಮ ಬಾಯಿ ಬೊಂಬಾಯಿ.

“ಆತು, ನಿಂದ್ರು,” ಎಂದೆ. “ನಿನ್ನ ಹಿಂದ ನಲವತ್ತೆರಡು ಮಂದಿ ಅದೇವಿ.”

ಸಿದ್ದರಾಯನಿಗೆ ಸುಳಿವು ಸಿಕ್ಕಿತೋ ಏನೋ, ಆ ವಾರವೇ ಬೀರಪ್ಪನ ಗುಡಿಯ ಮುಂದೆ ಸಭೆ ಕರೆದ. ಬೀರಪ್ಪ ಎಂದರೆ ನಮ್ಮ ಕುಲದೇವರು; ಅವನ ಭಂಡಾರ ಎಂದರೆ ಬರೀ ಅರಿಶಿನ ಪುಡಿಯಲ್ಲ. ಭಂಡಾರ ಮುಟ್ಟಿ ಆಡಿದ ಮಾತನ್ನು ನಮ್ಮವರು ಪ್ರಾಣ ಹೋದರೂ ಮುರಿಯುವುದಿಲ್ಲ. ಆ ಭಂಡಾರದ ತಾಟನ್ನು ಸಿದ್ದರಾಯ ತಾನೇ ಹಿಡಿದು ನಿಂತ. ಈ ಸಲವೂ ಕಾಶಿಬಾಯಿಯೇ, ಅವಿರೋಧ. ಬೇರೆ ಯಾರ ಅರ್ಜಿಗೂ ನಾವು ಸಹಿ ಹಾಕುವುದಿಲ್ಲ ಎಂದು ಒಬ್ಬೊಬ್ಬರಿಂದಲೂ ಹೇಳಿಸಿದ. ನಮ್ಮ ಅಪ್ಪ ಮುಟ್ಟಿದ. ಅವ್ವನೂ ಮುಟ್ಟಿದಳು. ಗೆಳೆಯ ಸೈಫುದ್ದೀನನ ಅಪ್ಪ ಬುಡ್ಡೇಸಾಬನೂ ಊರ ಮಾತಿಗೆ ಹೊರತಲ್ಲ ಎಂದು ಮುಟ್ಟಿದ. ಮದುವೆಯಾಗದ ಹುಡುಗಿಯರನ್ನು ಕರೆಯಲೇ ಇಲ್ಲ, ಹಾಗಾಗಿ ಲಕ್ಷ್ಮಿ ಉಳಿದಳು. ನಮ್ಮ ಗುಂಪಿನ ಹುಡುಗರಲ್ಲೂ ಹೆಚ್ಚಿನವರನ್ನು ಕರೆಯಲಿಲ್ಲ; ನಾವು ಬೇವಿನ ಮರದ ಕೆಳಗೆ ನಿಂತು ಫೋನಿನಲ್ಲಿ ಚಿತ್ರೀಕರಿಸಿದೆವು. ಕೆಳಗೆ ನಾನೇ ಬರೆದೆ: ‘ಪ್ರಜಾಪ್ರಭುತ್ವದ ತಿಥಿ’. ಮೂವತ್ತೆಂಟು ಜನ ನಗುವ ಮುಖ ಒತ್ತಿದರು.

ಅರ್ಜಿಗೆ ವಾರ್ಡಿನ ಒಬ್ಬ ಮತದಾರ ಸೂಚಕ ಎಂದು ಸಹಿ ಹಾಕಬೇಕು. ಇದನ್ನು ಲಕ್ಷ್ಮಿ ಮೊದಲೇ ಕೇಳಿಕೊಂಡು ಬಂದಿದ್ದಳು.

“ಹಿರೇರೆಲ್ಲಾ ಭಂಡಾರ ಮುಟ್ಟ್ಯಾರ. ಸಹಿ ಯಾರು ಹಾಕ್ತಾರ?” ಎಂದಳು.

“ನಾ ಸತ್ತೇನೇನು?” ಎಂದು ಎದೆ ತಟ್ಟಿಕೊಂಡೆ.

ಸಿದ್ದರಾಯನಿಗೆ ಅಡ್ಡಗಾಲು ಹಾಕಲು ಸಮಯ ಸಿಗಬಾರದೆಂದು ಕೊನೆಯ ದಿನವೇ ಹೋದೆವು. ಮಧ್ಯಾಹ್ನ ಮೂರಕ್ಕೆ ಅರ್ಜಿ ತೆಗೆದುಕೊಳ್ಳುವುದು ಮುಗಿಯುತ್ತದೆ. ನಾವು ಪಂಚಾಯಿತಿ ಕಚೇರಿ ಮುಟ್ಟಿದಾಗ ಹನ್ನೆರಡೂವರೆ. ಚುನಾವಣಾಧಿಕಾರಿ ಎಂದರೆ ದಪ್ಪ ಕನ್ನಡಕದ, ಯಾರ ಗೊಡವೆಗೂ ಹೋಗದ ಮನುಷ್ಯ. ಲಕ್ಷ್ಮಿಯ ಹೆಸರನ್ನು ಮತದಾರರ ಪಟ್ಟಿಯಲ್ಲಿ ಹುಡುಕಿ ಟಿಕ್ಕು ಹಾಕಿದರು. ಅವಳ ಹೆಸರು ಕಾಲೇಜಿನಲ್ಲಿ ಅರ್ಜಿ ತುಂಬಿಸಿದಾಗ ಸೇರಿತ್ತು.

“ಸೂಚಕರು ಯಾರ್ರಿ?”

“ನಾನ್ರಿ,” ಎಂದು ಪೆನ್ನು ತೆಗೆದೆ.

“ತಡೀರಿ. ಹೆಸರು?”

ಹೇಳಿದೆ. ಅವರು ಪುಟ ತಿರುವಿದರು. ಮೇಲಿಂದ ಕೆಳಗೆ ಬೆರಳಿಟ್ಟು ನೋಡಿದರು, ಮತ್ತೆ ಕೆಳಗಿಂದ ಮೇಲಕ್ಕೆ.

“ನಿಮ್ಮ ಹೆಸರು ಇಲ್ಲಲ್ರಿ.”

“ಇರಬೇಕ್ರಿ, ಸರಿಯಾಗಿ ನೋಡ್ರಿ.”

“ನಿಮ್ಮ ಮನಿಯಾಗ ನಾಕು ಹೆಸರದಾವ. ನಿಮ್ಮ ತಂದಿ, ತಾಯಿ, ಈ ಲಕ್ಷ್ಮಿ, ಮತ್ತ ರಾಚವ್ವ ಗಂಡ ಬೀರಣ್ಣ. ನಿಮ್ಮದಿಲ್ಲ.”

“ನಾ ಇದ ಊರಾಗ ಹುಟ್ಟೀನ್ರಿ! ಈಗ ಬರ್ಕೋರಿ ಮತ್ತ!”

“ಬರ್ಕೊಳ್ಳೂ ದಿನ ಮುಗದ ಹೋದೂರಿ. ಪಟ್ಟಿಯಾಗ ಇಲ್ಲಂದ್ರ ನಾ ಏನೂ ಮಾಡಾಕ ಬರೂದಿಲ್ಲ.”

ಆಗ ನೆನಪಾಯಿತು. ಸೌಭಾಗ್ಯ ಅಕ್ಕೋರು. ನಮ್ಮ ಅಂಗನವಾಡಿಯ ಅಕ್ಕೋರು, ಮನೆಮನೆಗೆ ಹೋಗಿ ಮತದಾರರ ಹೆಸರು ಬರೆದುಕೊಳ್ಳುವ ಕೆಲಸವೂ ಅವರದ್ದೇ. ಉರಿಬಿಸಿಲಲ್ಲಿ ಸೀರೆಯ ಸೆರಗು ತಲೆಗೆ ಹಾಕಿಕೊಂಡು ನನಗಾಗಿ ಮೂರು ಸಲ ಬಂದಿದ್ದರು. ಮೂರನೆಯ ಸಲ ನಾನು ಗೆಳೆಯರ ಮುಂದೆ ಡೌಲು ಮಾಡಿದ್ದೆ: “ಅಕ್ಕೋರ, ನನ್ನ ಹೆಸರು ಬರ್ಕೊಂಡು ಏನ್ ಮಾಡ್ತೀರಿ? ಎಲ್ಲಾರೂ ಕಳ್ಳರು. ಆ ಹಾಳ್ಯಾಗ ಚುರಮುರಿ ಕಟ್ಟಿ ಕೊಡ್ರಿ.” ಗೆಳೆಯರೆಲ್ಲ ಹೋ ಎಂದು ನಕ್ಕಿದ್ದರು. ಅಕ್ಕೋರು ಫಾರಮ್ಮನ್ನು ಚೀಲಕ್ಕೆ ಹಾಕಿಕೊಂಡು ಹೋಗಿದ್ದರು. ಆ ದಿನ ದೊಡ್ಡ ಮಾತು ಆಡಿದೆನೆಂದು ನನಗೆ ರಾತ್ರಿಯವರೆಗೂ ಖುಷಿ ಇತ್ತು. ಥೂ ನನ್ನ ಜನ್ಮಕ್ಕೆ!

ಹೊರಗೆ ಬಂದು ಸೈಫುದ್ದೀನನಿಗೆ ಫೋನು ಮಾಡಿದೆ.

“ಲೇ, ನಿನ್ನ ಹೆಸರು ಓಟಿನ ಪಟ್ಟಿಯಾಗ ಐತೇನೋ?”

“ಇಲ್ಲೋ. ನೀನ ಹೇಳಿದ್ದಿಯಲ್ಲ, ಹೆಸರು ಹಚ್ಚಿ ಏನ್ ಉಪಯೋಗ ಅಂತ.”

ಗುಂಪಿನಲ್ಲಿ ಕೇಳಿದೆ. ಒಬ್ಬೊಬ್ಬರೇ ಬರೆದರು: ಇಲ್ಲ. ಇಲ್ಲ. ಗೊತ್ತಿಲ್ಲ. ಇಲ್ಲ. ಅಧಿಕಾರಿಯ ಟೇಬಲ್ಲಿನ ಪಟ್ಟಿ ಇಟ್ಟುಕೊಂಡು ಲಕ್ಷ್ಮಿ ಒಂದೊಂದೇ ಹೆಸರು ಹುಡುಕಿದಳು. ನಲವತ್ತೆರಡು ಜನರಲ್ಲಿ ಪಟ್ಟಿಯಲ್ಲಿದ್ದವರು ಐದು ಮಂದಿ. ನಾಲ್ವರು ತಮ್ಮ ತಮ್ಮ ಅಪ್ಪಂದಿರ ಜೊತೆ ಹೋಗಿ ಭಂಡಾರ ಮುಟ್ಟಿ ಬಂದಿದ್ದರು, ಒಬ್ಬ ಪುಣೆಯಲ್ಲಿದ್ದ. ಉಳಿದ ಮೂವತ್ತೇಳು ಗಂಡುಗಲಿಗಳು ಎಲ್ಲಿಯೂ ಇಲ್ಲ. ಸಿದ್ದರಾಯ ನಮ್ಮನ್ನು ಭಂಡಾರ ಮುಟ್ಟಿರೆಂದು ಯಾಕೆ ಕರೆಯಲಿಲ್ಲ ಎಂಬುದು ಆಗ ತಿಳಿಯಿತು. ಆ ಕಳ್ಳ ಮೊದಲೇ ಪಟ್ಟಿ ನೋಡಿದ್ದ. ನಮಗೆ ಆಣೆಯೂ ದಂಡ ಎಂದು ಅವನಿಗೆ ಗೊತ್ತಿತ್ತು.

ಲಕ್ಷ್ಮಿ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ನನ್ನನ್ನು ನೋಡಿದಳು, ಅಷ್ಟೇ. ಅದಕ್ಕಿಂತ ಕೆನ್ನೆಗೆ ಎರಡು ಹೊಡೆದಿದ್ದರೆ ಚೆನ್ನಾಗಿತ್ತು.

“ಆಯಿ,” ಎಂದಳು. “ಆಯಿ ಸಭಾಕ್ಕ ಬಂದಿದ್ದಿಲ್ಲ. ಆಕಿ ಭಂಡಾರ ಮುಟ್ಟಿಲ್ಲ.”

ಪಟ್ಟಿಯಲ್ಲಿದ್ದ ರಾಚವ್ವ ಗಂಡ ಬೀರಣ್ಣ ಎಂದರೆ ನಮ್ಮ ಆಯಿ, ಅಪ್ಪನ ತಾಯಿ. ಎಪ್ಪತ್ತು ದಾಟಿದೆ. ಚಿಕ್ಕಪ್ಪ ಮಹಾದೇವನ ಜೊತೆ ಕುರಿಯ ಹಿಂದೆ ತಿಂಗಳುಗಟ್ಟಲೆ ಊರೂರು ತಿರುಗುತ್ತಾಳೆ. ಆಗ ಕಾಖಂಡಕಿಯ ಹತ್ತಿರ ಒಬ್ಬರ ಹೊಲದಲ್ಲಿ, ಗೊಬ್ಬರಕ್ಕೆಂದು ಕುರಿಹಿಂಡು ತರುಬಿ ನಿಲ್ಲಿಸಿಕೊಂಡು ಇದ್ದರು.

“ಹೆಬ್ಬೆಟ್ಟು ನನ್ನ ಕಣ್ಣ ಮುಂದ ಒತ್ತಬೇಕ್ರಿ,” ಎಂದರು ಅಧಿಕಾರಿ. “ಮೂರಕ್ಕ ಒಂದ ನಿಮಿಷ ಹೆಚ್ಚಾದ್ರೂ ತಗೊಳ್ಳಾಂಗಿಲ್ಲ.”

ಲಕ್ಷ್ಮಿಯನ್ನು ಅಲ್ಲೇ ಕೂರಿಸಿ ಬೈಕು ಹತ್ತಿದೆ. ಬಬಲೇಶ್ವರ ದಾಟಿ ಕಾಖಂಡಕಿಯ ದಾರಿ ಹಿಡಿದು ಹೇಗೆ ಓಡಿಸಿದೆನೋ, ದೇವರೇ ಬಲ್ಲ. ಹೊಲ ಮುಟ್ಟಿದಾಗ ಒಂದೂವರೆ ದಾಟಿತ್ತು. ಆಯಿ ಒಂದು ಕುರಿಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದಳು.

“ಆಯಿ, ಏಳು, ಲಗೂನ ಏಳು! ಹೆಬ್ಬೆಟ್ಟು ಒತ್ತಬೇಕು!”

“ಕುರಿ ಈಯಾಕತ್ತೈತಿ. ಮರಿ ಅಡ್ಡ ಬಂದೈತಿ. ಸುಮ್ನ ನಿಂದ್ರು.”

“ಅಯ್ಯ ಬೇ, ಮಹಾದೇವ ಕಾಕಾ ನೋಡ್ಕೋತಾನ, ಬಾ ನೀ!”

“ನಿಮ್ಮ ಕಾಕಾ ನೀರು ತರಾಕ ಹೋಗ್ಯಾನ. ಹೆರೂ ಜೀವಾ ಬಿಟ್ಟು ಬರಾಕ ನಾ ಏನು ಸರಕಾರದಾಕಿ ಅದೇನೇನು?”

ನಾನು ಕುಣಿದಾಡಿದೆ, ಗಡಿಯಾರ ತೋರಿಸಿದೆ, ಬೈದೆ, ಕೈ ಮುಗಿದೆ. ಅವಳು ತಿರುಗಿಯೂ ನೋಡಲಿಲ್ಲ. ಎಣ್ಣೆ ಹಚ್ಚಿದ ಕೈಯಿಂದ ಮರಿಯ ಕಾಲನ್ನು ಮೆಲ್ಲಗೆ ಸರಿ ಮಾಡುತ್ತ, “ಬಾ ನನ್ನವ್ವ, ಬಾ ನನ್ನವ್ವ,” ಎನ್ನುತ್ತಿದ್ದಳು. ಇಪ್ಪತ್ತು ನಿಮಿಷ! ಆ ಇಪ್ಪತ್ತು ನಿಮಿಷದಲ್ಲಿ ನಡೆದದ್ದನ್ನೆಲ್ಲ ಹೇಳಿ ಮುಗಿಸಿದೆ. ಗೇಟಿನಲ್ಲಿ ಅವ್ವನ ಕೊಡ ತಡೆದದ್ದು, ಲಕ್ಷ್ಮಿ ನಿಂತದ್ದು, ಭಂಡಾರ ಮುಟ್ಟಿಸಿದ್ದು. ಒಂದನ್ನು ಮಾತ್ರ ಹೇಳಲಿಲ್ಲ.

ಮರಿ ಹೊರಬಂತು. ಅದರ ಮೂಗು ಒರೆಸಿ, ತಾಯಿಯ ಮುಂದೆ ಇಟ್ಟು, ಆಯಿ ಕೈ ತೊಳೆದುಕೊಂಡಳು. ಮುಖ ಕೆಂಪಾಗಿತ್ತು.

“ಭಂಡಾರದ ತಾಟು ಹಿಡದಾಂವ ಯಾರು?”

“ಸಿದ್ದರಾಯ ಕಾಕಾ.”

“ಪೂಜಾರಿ ಎಲ್ಲಿ ಸತ್ತಿದ್ದ?”

“ಬಾಜೂಕ ನಿಂತಿದ್ದ.”

“ಬೀರಪ್ಪನ ಹೆಸರಿಲೆ ಕಳ್ಳತನಾ ಮಾಡತಾವ, ನಾಚಿಗಿಲ್ಲದ ಸೂಳೆಮಕ್ಕಳು!” ಎಂದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: “ಅಲ್ಲೋ, ಸಾಲಿ ಕಲ್ತಾಂವ ನೀ ಅದಿ. ನೀ ಯಾಕ ಸಹಿ ಹಾಕಲಿಲ್ಲ?”

“ಮನ್ಯಾಗಿನ ಹಿರೇರದ ಬೇಕಂತ ಆಯಿ,” ಎಂದು ಸುಳ್ಳು ಹೇಳಿದೆ. ನಾಲಿಗೆ ತೊದಲಲೂ ಇಲ್ಲ.

ಅಷ್ಟರಲ್ಲಿ ಚಿಕ್ಕಪ್ಪ ಬಂದ. ಆಯಿ ಕಂಬಳಿ ಹೆಗಲಿಗೆ ಹಾಕಿಕೊಂಡು ಬೈಕಿನ ಹಿಂದೆ ಕೂತಳು. ದಾರಿಯಲ್ಲಿ ಗಾಳಿಯ ಸದ್ದಿನ ಮೇಲೆ ಕೂಗಿ ಕೇಳಿದೆ. ಹಿಂದಿನ ವಿಧಾನಸಭೆ ಚುನಾವಣೆಗೆ ಅವಳು ನಿಡೋಣಿಯ ಕಡೆಯಿಂದ ನಡೆದೇ ಬಂದು ಓಟು ಹಾಕಿ ಹೋಗಿದ್ದಳು. ಆಗ ನಾನು ಬೇಕಾದಷ್ಟು ಗೇಲಿ ಮಾಡಿದ್ದೆ.

“ಆಯಿ, ಅಷ್ಟು ದೂರ ನಡಕೊಂತ ಯಾಕ ಬರ್ತಿದ್ದಿ? ಏನು ಕೊಟ್ಟಾರ ಅವ್ರು ನಿನಗ?”

“ಏನ್ ಕೊಡ್ತಾರ, ಮಣ್ಣು! ಎಲ್ಲಾರೂ ನನಗ ಮುದುಕಿ ಅಂತಾರ, ಕುರಿಯಾಕಿ ಅಂತಾರ. ಅಲ್ಲಿ ಒಬ್ಬಾಂವ ಸಾಹೇಬ ಜೋರಾಗಿ ಓದ್ತಾನ: ರಾಚವ್ವ, ಗಂಡ ಬೀರಣ್ಣ. ಎಲ್ಲಾರೂ ಕೇಳ್ತಾರ. ನಿಮ್ಮ ಅಜ್ಜನ ಹೆಸರು ಊರಾಗ ಮತ್ತ ಯಾರು ಎತ್ತತಾರ? ನಾ ಹೋಗಲಿಲ್ಲಂದ್ರ ಸತ್ತಾಳ ಅಂತ ಕಾಟು ಹೊಡೀತಾರ.”

ನಾನು ಗಾಡಿಯ ವೇಗ ಹೆಚ್ಚಿಸಿದೆ.

ಕಚೇರಿ ಮುಟ್ಟಿದಾಗ ಮೂರಕ್ಕೆ ಹನ್ನೆರಡು ನಿಮಿಷ. ಬಾಗಿಲಲ್ಲಿ ಸಿದ್ದರಾಯ ನಿಂತಿದ್ದ, ಹಿಂದೆ ಹತ್ತು ಹನ್ನೆರಡು ಜನ. ಅವರ ನಡುವೆ ನಮ್ಮ ಅಪ್ಪನೂ ತಲೆ ತಗ್ಗಿಸಿಕೊಂಡು ನಿಂತಿದ್ದ. ಕರೆಸಿದ್ದರು.

“ಬಾ ಚಿಗವ್ವ,” ಎಂದ ಸಿದ್ದರಾಯ, ಜೇನು ಸುರಿಯುವ ದನಿಯಲ್ಲಿ. “ಈ ವಯಸ್ಸಿನ್ಯಾಗ ನಿನಗ್ಯಾಕ ಇದೆಲ್ಲಾ? ಇಡೀ ವಸ್ತಿ ಬೀರಪ್ಪನ ಭಂಡಾರ ಮುಟ್ಟೈತಿ. ನಿನ್ನ ಮಗಾನೂ ಮುಟ್ಟ್ಯಾನ. ಮುರದ್ರ ನಿನ್ನ ಹಿಂಡಿಗೇ ಕೇಡು. ತಿಳಕೋ.”

ಕುರಿ ಸಾಕುವವಳಿಗೆ ಇದಕ್ಕಿಂತ ದೊಡ್ಡ ಹೆದರಿಕೆ ಇಲ್ಲ. ಅಪ್ಪ, “ಯವ್ವಾ, ಬ್ಯಾಡ ಬಿಡು,” ಎಂದ. ಆಯಿ ನಿಂತಳು. ಇಷ್ಟು ಹೊತ್ತಿಗೆ ಮತ್ತೆರಡು ನಿಮಿಷ ಹೋಯಿತು.

ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸಣ್ಣ ಚೀಲ ತೆಗೆದಳು. ಹಿಂಡಿನ ಹಿಂದೆ ಹೋಗುವವರು ಭಂಡಾರವನ್ನು ಸದಾ ಜೊತೆಗಿಟ್ಟುಕೊಂಡಿರುತ್ತಾರೆ. ಅಂಗೈ ತುಂಬ ತೆಗೆದು, ಸಿದ್ದರಾಯನ ಹಣೆಗೆ ಬಡಿದಂತೆ ಹಚ್ಚಿದಳು. ಅರಿಶಿನ ಅವನ ಕಣ್ಣಿಗೂ ಮೂಗಿಗೂ ಬಿಳಿ ಅಂಗಿಗೂ ಸುರಿಯಿತು.

“ಭಂಡಾರ ಹಣಿಗೆ ಹಚ್ಚಾಕ ಐತೋ ಸಿದ್ದರಾಯಾ. ಮಂದಿ ಬಾಯಿಗೆ ಬೀಗ ಹಾಕಾಕ ಅಲ್ಲ. ನನ್ನ ಹಿಂಡು ಕಾಯಾಂವ ಬೀರಪ್ಪ, ನೀ ಅಲ್ಲ. ಸರಿ ಆಕಡೆ!”

ಅವನು ಸರಿದ. ಸತ್ಯವಾಗಿ ಹೇಳುತ್ತೇನೆ, ಹತ್ತು ವರ್ಷ ಇಡೀ ವಸ್ತಿಗೆ ಅಡ್ಡ ನಿಂತವನು ಒಬ್ಬ ಮುದುಕಿಯ ಒಂದು ಮಾತಿಗೆ ಸರಿದ. ಆಯಿ ಒಳಗೆ ಹೋದಳು. ಅಧಿಕಾರಿ ಮಸಿಯ ಡಬ್ಬಿ ಮುಂದಿಟ್ಟು, ಪಟ್ಟಿ ನೋಡಿ ಓದಿದರು: “ರಾಚವ್ವ, ಗಂಡ ಬೀರಣ್ಣ.”

“ಹೌದ್ರಿ,” ಎಂದು ಆಯಿ ಹೆಬ್ಬೆಟ್ಟು ಒತ್ತಿದಳು. ಅರಿಶಿನವೂ ಮಸಿಯೂ ಸೇರಿ ಕಾಗದದ ಮೇಲೆ ಬಿತ್ತು. ಎರಡು ಗಂಟೆ ಐವತ್ತೆರಡು ನಿಮಿಷ ಎಂದು ಅಧಿಕಾರಿ ಬರೆದುಕೊಂಡರು.

ಈಗ ನನ್ನ ನಿಜವಾದ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಅರ್ಜಿ ಸ್ವೀಕಾರವಾಯಿತು, ಚುನಾವಣೆ ನಡೆಯುವುದು ಗಟ್ಟಿಯಾಯಿತು. ಅದಾದ ಆರನೆಯ ದಿನ ಬೆಳಿಗ್ಗೆ ನಮ್ಮ ಮನೆಯ ಮುಂದಿನ ನಲ್ಲಿ ಬುಸುಬುಸು ಎಂದಿತು. ಮೊದಲು ಗಾಳಿ ಬಂತು, ಆಮೇಲೆ ಕೆಂಪು ರಾಡಿ, ಆಮೇಲೆ ನೀರು! ಹೆಂಗಸರು ಕೊಡ ತಗೊಂಡು ಓಡಿದರು. ಅವ್ವ ನಲ್ಲಿಗೆ ಕುಂಕುಮ ಹಚ್ಚಿ ಕೈ ಮುಗಿದಳು. ಎಲ್ಲರೂ ನಗುತ್ತಿದ್ದರು. ನನಗೆ ಮೈ ಉರಿದುಹೋಯಿತು. ಮೋಟಾರು ಸುಟ್ಟಿರಲಿಲ್ಲ. ಪೈಪು ಒಡೆದಿರಲಿಲ್ಲ. ಯಾರ ಮಂಜೂರಾತಿಯೂ ಬೇಕಿರಲಿಲ್ಲ. ನಾಲ್ಕು ವರ್ಷ ನಮ್ಮ ಅವ್ವಂದಿರ ನೆತ್ತಿ ಸವೆಸಿದ ನೀರು ಅಲ್ಲೇ, ಒಂದು ಗುಂಡಿ ಒತ್ತುವಷ್ಟು ದೂರದಲ್ಲಿ ಇತ್ತು. ಅದನ್ನು ಒತ್ತಿಸಲು ಬೇಕಾದದ್ದು ಎದುರಿಗೆ ಒಂದೇ ಒಂದು ಹೆಸರು. ಹೇಳಿ, ಸಿಟ್ಟು ಬರಬೇಕೋ ಬೇಡವೋ?

ಮತದಾನದ ದಿನ ಬಂತು. ಸಾಲೆಯಲ್ಲಿ ಮತಗಟ್ಟೆ. ನೂರು ಮೀಟರಿನ ಸುಣ್ಣದ ಗೆರೆಯ ಹೊರಗೆ ನಾನು, ಸೈಫುದ್ದೀನ, ಉಳಿದ ಹುಡುಗರು ನಿಂತಿದ್ದೆವು. ಘೋಷಣೆ ಕೂಗಲು ಬಿಡುವುದಿಲ್ಲ. ಕೂಗುವುದು ಬಿಟ್ಟರೆ ನಮಗೆ ಬೇರೆ ಕೆಲಸವೂ ಇರಲಿಲ್ಲ. ಭಂಡಾರ ಮುಟ್ಟಿದ ಮುದುಕರು ಕೋಲೂರಿಕೊಂಡು ಒಳಗೆ ಹೋದರು, ಸಿದ್ದರಾಯನ ಶೆಡ್ಡಿನಲ್ಲಿ ದುಡಿಯುವ ಹೆಂಗಸರು ಹೋದರು. ನಾವು ದೊಡ್ಡ ಬುದ್ಧಿವಂತರು, ಬಿಸಿಲಲ್ಲಿ ನಿಂತು ನೋಡಿದೆವು.

ಹನ್ನೊಂದರ ಹೊತ್ತಿಗೆ ಆಯಿ ಬಂದಳು, ಯಾರೂ ಕರೆಯದೆ, ಬಸ್ಸು ಹಿಡಿದು. ಓಟು ಹಾಕಿ ಹೊರಬಂದು ಶಾಯಿ ಹಚ್ಚಿದ ಬೆರಳು ತೋರಿಸಿದಳು.

“ಓದಿದ್ರು ನೋಡಪಾ, ಜೋರಾಗಿ. ಹೋಗು, ಈಗ ನಿಂದು ಪಾಳಿ. ಮಂದಿ ಕಮ್ಮಿ ಅದಾರ.”

“ಆಮ್ಯಾಲ ಹೋಗ್ತೇನಿ ಆಯಿ.”

“ಆಮ್ಯಾಲ ಯಾಕ? ನಡಿ, ನಾ ಬಾಗಲಾ ಮಟಾ ಬರ್ತೇನಿ.” ಕೈ ಹಿಡಿದು ಎಳೆದಳು. ಹುಡುಗರೆಲ್ಲ ನೆಲ ನೋಡಿದರು. ಇನ್ನು ಸುಳ್ಳು ಹೇಳಲು ಆಗಲಿಲ್ಲ.

“ನನ್ನ ಹೆಸರಿಲ್ಲ, ಬೇ.”

“ಯಾಕಿಲ್ಲ? ಯಾರು ತಗದ್ರು?”

“ಯಾರೂ ತಗದಿಲ್ಲ. ನಾನ ಬರಸಿಲ್ಲ.”

ಅವಳು ಕೈ ಬಿಟ್ಟಳು. ಅಷ್ಟು ಜನರ ಮುಂದೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಹಂಗಾರ ಅವತ್ತು ನನ್ನ ಓಡಿಸ್ಕೊಂಡು ಬಂದದ್ದು ಇದಕ್ಕ. ಹಿರೇರದ ಬೇಕಂತ ಅಂದಿ!” ಎಂದಳು. “ಲೇ ಮಾಳ್ಯಾ, ನನ್ನ ಹಿಂಡಿನ್ಯಾಗ ಮೊನ್ನೆ ಹುಟ್ಟಿದ ಮರಿ ಐತಲ್ಲ, ಅದಕ್ಕೂ ಕಿವಿಗೆ ಗುರುತ ಮಾಡೇನಿ. ತಪ್ಪಿಸ್ಕೊಂಡ್ರ, ಇದು ರಾಚವ್ವಂದು ಅಂತ ತಂದು ಕೊಡ್ತಾರ. ನಿನಗ ಯಾವ ಗುರುತ ಐತೋ? ನೀ ಯಾವ ಊರಾಂವ?”

ತಿರುಗಿ ನೋಡದೆ ಬಸ್ಸಿನ ಕಡೆ ನಡೆದಳು. ಅವಳು ಸಿಟ್ಟಿನಿಂದ ಎಷ್ಟೋ ಸಲ ಬೈದಿದ್ದಾಳೆ, ಅಂದಿನಂತೆ ನನಗೆ ಎಂದೂ ನಾಚಿಕೆಯಾಗಿರಲಿಲ್ಲ.

ಎಣಿಕೆಯ ದಿನ ಫಲಿತಾಂಶ ಹೇಳಿದರು. ಕಾಶಿಬಾಯಿಗೆ ಇನ್ನೂರ ಹನ್ನೊಂದು, ಲಕ್ಷ್ಮಿಗೆ ಇನ್ನೂರ ಎರಡು. ನೋಡಿ, ಭಂಡಾರ ಮುಟ್ಟಿದ ಕೈಗಳೇ ಮರೆಯಲ್ಲಿ ಅವಳಿಗೆ ಇನ್ನೂರು ಓಟು ಹಾಕಿದ್ದವು. ಒಂಬತ್ತರಿಂದ ಸೋತಳು. ಗುಂಪಿನಲ್ಲಿ ಆ ಸಂಜೆ ಬೈಗುಳದ ಮಳೆ. ಹಣ ಹಂಚಿದ್ದಾರೆ, ಮೋಸ ಮಾಡಿದ್ದಾರೆ, ಈ ದೇಶ ಉದ್ಧಾರವಾಗುವುದಿಲ್ಲ, ಜನ ಕುರಿಗಳು. ನಾನು ಎರಡೇ ಸಾಲು ಬರೆದೆ: ‘ಸೋತದ್ದು ಒಂಬತ್ತು ಓಟಿನಿಂದ. ಪಟ್ಟಿಯಲ್ಲಿ ಇಲ್ಲದ ನಾವು ಮೂವತ್ತೇಳು.’

ಲಕ್ಷ್ಮಿ ಅಂದೂ ಅಳಲಿಲ್ಲ. ನಲ್ಲಿಯ ಕೆಳಗೆ ಕೊಡ ಇಟ್ಟು, “ಒಂಬತ್ತ ಅಲ್ಲಾ? ಅದಕ್ಕ ಇನ್ನೂ ನೀರು ಬರಾಕತ್ತಾವ. ಅಂವಗ ಅಂಜಿಕಿ ಹತ್ತೈತಿ,” ಎಂದಳು.

ಮರುದಿನ ಅಂಗನವಾಡಿಗೆ ಹೋದೆ. ಹೋಗುವಾಗ ಒಬ್ಬನೇ ಇದ್ದೆ, ಬಾಗಿಲು ಮುಟ್ಟುವಾಗ ಹಿಂದೆ ಸೈಫುದ್ದೀನನೂ ಇನ್ನೂ ಆರೇಳು ಹುಡುಗರೂ ಇದ್ದರು. ಸೌಭಾಗ್ಯ ಅಕ್ಕೋರು ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದರು. ನಮ್ಮನ್ನು ನೋಡಿ ಸೌಟು ಕೆಳಗಿಟ್ಟರು.

“ಏನ್ರಪಾ, ಚುರಮುರಿ ಕಟ್ಟಾಕ ಹಾಳಿ ಬೇಕಾಗಿತ್ತೇನು?”

“ತಪ್ಪಾತ್ರಿ ಅಕ್ಕೋರ. ಹೆಸರು ಹಚ್ಚಬೇಕಾಗಿತ್ತು.”

“ಯಾಕ? ಈಗ ಯಾರೂ ಕಳ್ಳರಿಲ್ಲೇನು?”

“ಕಳ್ಳರು ಅದಾರ್ರಿ. ಬಾಗಲಾ ತಗದಿಟ್ಟಾಂವ ನಾ.”

ಅಕ್ಕೋರು ನಗಲಿಲ್ಲ. ಚೀಲದಿಂದ ಫಾರಮ್ಮು ತೆಗೆದು ಮುಂದೆ ಚಾಚಿ, “ಹೆಸರು ಪೂರಾ ಬರಿ, ಜೋರಾಗಿ ಓದಾಕ ಬರೂ ಹಂಗ,” ಎಂದರು. ಮಕ್ಕಳ ಗಿಡ್ಡ ಬೆಂಚಿನ ಮೇಲೆ ಕೂತು ಬರೆದೆ.